ಟಿಪ್ಸ್ ತಟ್ಟೆ ಖಾಲಿ, ಸಂಬಳ ಅಲ್ಲೇ: ಸಾಗರದ ಹೋಟೆಲ್ ಕೆಲಸಗಾರರ ಲೆಕ್ಕ ಎಲ್ಲಿ ಸಿಕ್ಕಿಕೊಂಡಿದೆ?

ಸಾಗರ: ಬೆಳಗಿನ ಜಾವ ಐದೂವರೆಗೆಲ್ಲ ಬಸ್ ನಿಲ್ದಾಣದ ಸುತ್ತಲಿನ ಹೋಟೆಲ್‌ಗಳ ಶಟರ್ ಅರ್ಧ ಮೇಲೆ ಹೋಗಿರುತ್ತದೆ. ಒಳಗೆ ಇಡ್ಲಿ ಬೇಯುತ್ತಿರುತ್ತದೆ, ಕ್ಲೀನರ್ ಹುಡುಗ ನೆಲ ಒರೆಸುತ್ತಿರುತ್ತಾನೆ. ರಾತ್ರಿ ಒಂಬತ್ತೂವರೆಗೆ ಅದೇ ಶಟರ್ ಕೆಳಗಿಳಿಯುವಾಗಲೂ ಅದೇ ಹುಡುಗ ಅಲ್ಲೇ ಇರುತ್ತಾನೆ. ನಡುವೆ ಮಧ್ಯಾಹ್ನ ಒಂದೆರಡು ಗಂಟೆ ಮೇಲಿನ ರೂಮಿನಲ್ಲಿ ಮಲಗಿರಬಹುದು, ಅಷ್ಟೆ. ಹುಡುಗ ಅಂದರೂ ವಯಸ್ಸು ಮೂವತ್ತು ದಾಟಿರುತ್ತದೆ. ಹೋಟೆಲ್ ಭಾಷೆಯಲ್ಲಿ ಎಲ್ಲರೂ ಹುಡುಗರೇ.

ಇವರಿಗೆ ಸಂಬಳ ಎಷ್ಟು ಕೊಡಬೇಕು, ಟಿಪ್ಸನ್ನು ಸಂಬಳದ ಲೆಕ್ಕಕ್ಕೆ ಹಿಡಿಯಬಹುದಾ, ಊಟ-ವಸತಿಗೆ ಎಷ್ಟು ಕಳೆಯಬೇಕು ಅನ್ನೋ ಮಾತು ಹೊಸದೇನಲ್ಲ. ಆದರೆ ಈಗ ಅದು ಜೋರಾಗೋಕೆ ಎರಡು ಕಾರಣ ಇವೆ. ಒಂದು ದೆಹಲಿ, ಬೆಂಗಳೂರುಗಳಿಂದ ಬಂದದ್ದು, ಇನ್ನೊಂದು ಇಲ್ಲೇ ಹುಟ್ಟಿದ್ದು.

ಇಲ್ಲಿಯದನ್ನೇ ಮೊದಲು ನೋಡೋಣ. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ಮೇಲೆ ಸಿಗಂದೂರಿಗೆ ಲಾಂಚ್ ಕಾಯುವ ಕಾಲ ಮುಗಿಯಿತು. ಶನಿವಾರ, ಭಾನುವಾರ ಕಾರು, ಟಿಟಿಗಳು ಸೀದಾ ಹೋಗಿ ಸೀದಾ ಬರುತ್ತವೆ. ಜೋಗಕ್ಕೆ ಬಂದವರು ಸಿಗಂದೂರು ಮುಗಿಸಿ ಕೊಲ್ಲೂರಿಗೂ ಅದೇ ದಿನ ಇಳಿಯುತ್ತಾರೆ. ಲಾಂಚ್ ಕಾಯುವವರನ್ನೇ ನಂಬಿದ್ದ ಹೊಳೆಬಾಗಿಲಿನ ಸಣ್ಣ ಅಂಗಡಿಗಳ ಕತೆ ಬೇರೆ. ಆದರೆ ದಾರಿಯ ಮೇಲಿನ ಹೋಟೆಲ್‌ಗಳಿಗೆ ವಾರಾಂತ್ಯ ಅಂದರೆ ಕೈ ಸಾಲದ ದಿನ. ಇತ್ತ ನವೆಂಬರ್ ಬಂತೆಂದರೆ ಅಡಿಕೆ ಕೊಯ್ಲು. ಕೊನೆ ತೆಗೆಯುವವರಿಗೆ, ಹೊರುವವರಿಗೆ, ಡಬ್ಬದ ಲೆಕ್ಕದಲ್ಲಿ ಸುಲಿಯುವವರಿಗೆ ತೋಟದ ಕೂಲಿ ಹೋಟೆಲ್ ಸಂಬಳಕ್ಕಿಂತ ಎಷ್ಟೋ ಚೆನ್ನಾಗಿದೆ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಹೆಂಗಸರು ಮೂರು ತಿಂಗಳು ಸುಲಿಯೋಕೆ ಹೋದರೆ ಅವರನ್ನು ದೂರಲು ಬರುವುದಿಲ್ಲ.

ಒಂದು ಕಾಲದಲ್ಲಿ ಈ ಕೊರತೆಯನ್ನು ಘಟ್ಟದ ಕೆಳಗಿನವರು ತುಂಬುತ್ತಿದ್ದರು. ಕುಂದಾಪುರ, ಬೈಂದೂರು ಕಡೆಯ ಮಾಣಿಗಳು ಹೋಟೆಲ್ ಕೆಲಸಕ್ಕೆಂದು ಘಟ್ಟ ಹತ್ತಿ ಬಂದು, ಮೊದಲು ಲೋಟ ತೊಳೆದು, ಆಮೇಲೆ ಸಪ್ಲೈಯರ್ ಆಗಿ, ಕೊನೆಗೆ ಗಲ್ಲಾದಲ್ಲಿ ಕೂತವರೇ ಎಷ್ಟೋ ಜನ. ಈಗಿನ ಮಾಲೀಕರಲ್ಲಿ ಅನೇಕರ ಮನೆಯ ಹಿಂದಿನ ತಲೆಮಾರಿನ ಕತೆ ಅದೇ. ಇವತ್ತು ಆ ಊರುಗಳ ಮಕ್ಕಳು ಓದುತ್ತಾರೆ, ಬೆಂಗಳೂರಿಗೆ ಹೋಗುತ್ತಾರೆ. ಅವರ ಜಾಗಕ್ಕೆ ಉತ್ತರ ಕರ್ನಾಟಕದವರು, ಒಡಿಶಾ, ಅಸ್ಸಾಂ, ನೇಪಾಳದವರು ಬಂದಿದ್ದಾರೆ. ಇವರನ್ನು ಸಂಬಂಧ, ಊರಿನ ದಾಕ್ಷಿಣ್ಯ ಹಿಡಿದು ನಿಲ್ಲಿಸುವುದಿಲ್ಲ. ಪಕ್ಕದ ಊರಿನಲ್ಲಿ ಒಂದು ಸಾವಿರ ಹೆಚ್ಚು ಅಂದರೆ ರಾತ್ರಿ ಬಸ್ಸು.

ಕಾನೂನು ಏನು ಹೇಳುತ್ತದೆ?

ಎರಡನೆಯ ಕಾರಣ ಕಾನೂನು. ರಾಜ್ಯದ ಕಾರ್ಮಿಕ ಇಲಾಖೆ 2025ರ ಏಪ್ರಿಲ್‌ನಲ್ಲಿ ಕನಿಷ್ಠ ವೇತನ ಪರಿಷ್ಕರಣೆಯ ಕರಡು ಹೊರಡಿಸಿತು. ಪ್ರದೇಶ ಮತ್ತು ಕೌಶಲ ನೋಡಿಕೊಂಡು ತಿಂಗಳಿಗೆ ಸುಮಾರು 19 ಸಾವಿರದಿಂದ 34 ಸಾವಿರ ರೂಪಾಯಿವರೆಗೆ ಆಗುವ ಪ್ರಸ್ತಾಪ ಅದರಲ್ಲಿತ್ತು. ಬೆಂಗಳೂರಿಗೆ ಹೆಚ್ಚು, ತಾಲ್ಲೂಕು ಪಟ್ಟಣಕ್ಕೆ ಕಡಿಮೆ. ಕಾರ್ಮಿಕ ಸಂಘಟನೆಗಳು ಸ್ವಾಗತಿಸಿದವು, ಉದ್ಯಮಿಗಳ ಸಂಘಟನೆಗಳು ಒಮ್ಮೆಲೇ ಇಷ್ಟು ತಾಳಲಾಗದು ಎಂದು ಆಕ್ಷೇಪಿಸಿದವು. ಅದಾದ ಮೇಲೆ 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅದರಲ್ಲಿ ಹೋಟೆಲ್‌ಗಳಿಗೆ ನೇರ ತಟ್ಟುವುದು 2019ರ ವೇತನ ಸಂಹಿತೆ.

ಹೋಟೆಲ್ ಮಾಲೀಕರ ಮುಖ್ಯ ವಾದ ಏನೆಂದರೆ, ಕೈಗೆ ಕೊಡುವ ಸಂಬಳ ಮಾತ್ರ ನೋಡಬೇಡಿ, ಮೂರು ಹೊತ್ತು ಊಟ, ಕಾಫಿ, ಮಲಗೋಕೆ ರೂಮು, ಎಲ್ಲವೂ ನಮ್ಮದೇ. ಈ ವಾದದಲ್ಲಿ ಸುಳ್ಳಿಲ್ಲ. ಪೇಟೆಯಲ್ಲಿ ರೂಮು ಹಿಡಿದು, ಮೂರು ಹೊತ್ತು ಹೊರಗೆ ಉಂಡರೆ ಎಷ್ಟಾಗುತ್ತದೆ ಎಂದು ಯಾರಿಗೂ ಹೇಳಬೇಕಿಲ್ಲ. ಆದರೆ ವೇತನ ಸಂಹಿತೆ ಇದಕ್ಕೊಂದು ಗೆರೆ ಎಳೆದಿದೆ. ಸಂಬಳದ ಬದಲಿಗೆ ವಸ್ತುರೂಪದಲ್ಲಿ ಏನಾದರೂ ಕೊಟ್ಟರೆ, ಅದರ ಬೆಲೆಯನ್ನು ಒಟ್ಟು ವೇತನದ ಶೇ 15ರಷ್ಟಕ್ಕೆ ಮಾತ್ರ ವೇತನ ಎಂದು ಲೆಕ್ಕ ಹಿಡಿಯಬಹುದು. ಹದಿನೈದು ಸಾವಿರದ ಸಂಬಳದಲ್ಲಿ ಅದು 2,250 ರೂಪಾಯಿ. ವಸತಿಯ ಬೆಲೆಯಂತೂ ವೇತನದ ವ್ಯಾಖ್ಯೆಯಿಂದಲೇ ಹೊರಗೆ. ‘ರೂಮು ಕೊಟ್ಟಿದೀವಲ್ಲ’ ಅನ್ನೋ ಮಾತು ಮಾನವೀಯತೆಯ ಲೆಕ್ಕದಲ್ಲಿ ದೊಡ್ಡದು, ಕನಿಷ್ಠ ವೇತನದ ಲೆಕ್ಕದಲ್ಲಿ ಸೊನ್ನೆ.

ಟಿಪ್ಸ್ ವಿಷಯದಲ್ಲಿ ಕಾನೂನು ಇನ್ನೂ ಹಳೆಯದು, ಇನ್ನೂ ಸ್ಪಷ್ಟ. ಜೈಪುರದ ರಾಂಬಾಗ್ ಪ್ಯಾಲೇಸ್ ಹೋಟೆಲ್‌ನ ಕಾರ್ಮಿಕರ ಪ್ರಕರಣದಲ್ಲಿ 1976ರಲ್ಲೇ ಸುಪ್ರೀಂ ಕೋರ್ಟ್, ಟಿಪ್ಸ್ ಕೊಡುವುದು ಗಿರಾಕಿ, ಮಾಲೀಕರಲ್ಲ, ಆದ್ದರಿಂದ ಅದು ವೇತನದ ಭಾಗ ಆಗುವುದಿಲ್ಲ ಎಂಬ ನಿಲುವು ತೆಗೆದುಕೊಂಡಿತ್ತು. 2016ರಲ್ಲಿ ಐಟಿಸಿ ಹೋಟೆಲ್‌ಗಳ ತೆರಿಗೆ ಪ್ರಕರಣದಲ್ಲೂ ಅದೇ ಮಾತು: ಗಿರಾಕಿ ಕಾರ್ಡಿನಲ್ಲಿ ಕೊಟ್ಟ ಟಿಪ್ಸನ್ನು ಮಾಲೀಕರು ಇಸಿದುಕೊಂಡು ಹಂಚಿದರೂ ಅದು ಸಂಬಳ ಅಲ್ಲ. ಅಂದರೆ ‘ದಿನಕ್ಕೆ ನೂರು ರೂಪಾಯಿ ಟಿಪ್ಸ್ ಬರುತ್ತದೆ, ಅದಕ್ಕೇ ಸಂಬಳ ಕಡಿಮೆ’ ಅನ್ನೋ ಒಪ್ಪಂದ ಕಾನೂನಿನ ಮುಂದೆ ನಿಲ್ಲೋದಿಲ್ಲ.

ಸರ್ವೀಸ್ ಚಾರ್ಜ್ ಬೇರೆ ವಿಷಯ. ಅದು ಸಾಗರದ ಟಿಫಿನ್ ಹೋಟೆಲ್‌ಗಳ ಬಿಲ್ಲಿನಲ್ಲಿ ಇರುವುದಿಲ್ಲ, ದೊಡ್ಡ ರೆಸಾರ್ಟ್, ಬಾರ್ ರೆಸ್ಟೋರೆಂಟ್‌ಗಳ ರೋಗ. ಬಿಲ್ಲಿಗೆ ತಾನೇ ತಾನಾಗಿ ಸರ್ವೀಸ್ ಚಾರ್ಜ್ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತ್ತು. ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಅದನ್ನು ಎತ್ತಿ ಹಿಡಿಯಿತು. ಪ್ರವಾಸಕ್ಕೆ ಹೋದಾಗ ಅಂಥ ಬಿಲ್ಲು ಬಂದರೆ ತೆಗೆಸಬಹುದು. ಕೇಳದಿದ್ದರೆ ಗ್ರಾಹಕರ ಸಹಾಯವಾಣಿ 1915 ಇದೆ.

ಸೋಂಪಿನ ತಟ್ಟೆ ಖಾಲಿಯಾದದ್ದು ಹೇಗೆ

ಕಾನೂನು ಹಾಗಿರಲಿ, ಟಿಪ್ಸ್ ಅನ್ನೋದೇ ಈಗ ಎಲ್ಲಿದೆ? ಹಿಂದೆ ಬಿಲ್ಲು ಬಂದಾಗ ಸೋಂಪಿನ ತಟ್ಟೆಯಲ್ಲಿ ಚಿಲ್ಲರೆ ಬರುತ್ತಿತ್ತು. ಐದೋ ಹತ್ತೋ ಬಿಟ್ಟು ಎದ್ದು ಹೋಗುವುದು ಒಂದು ಅಭ್ಯಾಸ. ಅದರಲ್ಲಿ ಉದಾರತೆಗಿಂತ ಚಿಲ್ಲರೆ ಜೇಬಿಗೆ ಹಾಕಿಕೊಳ್ಳುವ ಸೋಮಾರಿತನವೇ ಜಾಸ್ತಿ ಇತ್ತು ಅನ್ನಬಹುದು. ಕ್ಯೂಆರ್ ಸ್ಟಿಕ್ಕರ್ ಬಂದ ಮೇಲೆ ಆ ಸೋಮಾರಿತನಕ್ಕೂ ಜಾಗ ಇಲ್ಲ. 85 ರೂಪಾಯಿ ಬಿಲ್ಲಿಗೆ ಸರಿಯಾಗಿ 85 ರೂಪಾಯಿ ಹೋಗುತ್ತದೆ, ಗಲ್ಲಾದ ಪಕ್ಕದ ಸ್ಪೀಕರ್ ಅದನ್ನು ಕೂಗಿ ಹೇಳುತ್ತದೆ. ಸಪ್ಲೈಯರ್ ಕೈಗೆ ಏನೂ ಬರುವುದಿಲ್ಲ. ನಿಂತು ತಿನ್ನುವ ಹೋಟೆಲ್‌ಗಳಲ್ಲಿ ಟೋಕನ್ ತಗೊಂಡು ಕೌಂಟರ್‌ನಲ್ಲಿ ಇಸ್ಕೊಂಡು ತಿನ್ನೋದು, ಅಲ್ಲಿ ಟಿಪ್ಸ್ ಮಾತೇ ಹುಟ್ಟೋದಿಲ್ಲ. ಎರಡನೇ ಸಲ, ಮೂರನೇ ಸಲ ಸಾಂಬಾರ್ ಕೇಳೋಕೆ ಸಂಕೋಚ ಇಲ್ಲದ ಗಿರಾಕಿಗೆ ಹತ್ತು ರೂಪಾಯಿ ಬಿಡೋಕೆ ಕೈ ಬರೋದಿಲ್ಲ ಅನ್ನೋದು ಹಳೇ ಸಪ್ಲೈಯರ್‌ಗಳ ದೂರು.

ಟಿಪ್ಸ್ ಬಂದರೂ ಅದು ಎಲ್ಲರಿಗೂ ತಲುಪುವುದಿಲ್ಲ. ಸಣ್ಣ ಲೆಕ್ಕ ಹಾಕೋಣ. ದಿನಕ್ಕೆ 400 ಗಿರಾಕಿ ಬರುವ, 12 ಜನ ಕೆಲಸಕ್ಕಿರುವ ಹೋಟೆಲ್ ಎಂದಿಟ್ಟುಕೊಳ್ಳಿ. ಹತ್ತರಲ್ಲಿ ಒಬ್ಬರು ಹತ್ತು ರೂಪಾಯಿ ಬಿಟ್ಟರೆ ದಿನಕ್ಕೆ 400, ತಿಂಗಳಿಗೆ 12 ಸಾವಿರ ರೂಪಾಯಿ. ಎಲ್ಲರಿಗೂ ಹಂಚಿದರೆ ತಲೆಗೆ ಒಂದು ಸಾವಿರ. ಹಂಚುವ ಪದ್ಧತಿ ಇಲ್ಲದಿದ್ದರೆ ನಾಲ್ಕು ಸಪ್ಲೈಯರ್‌ಗಳಿಗೆ ತಲಾ ಮೂರು ಸಾವಿರ. ಕಾವಲಿ ಮುಂದೆ ಬೆವರು ಒರೆಸಿಕೊಳ್ಳುತ್ತಾ ದೋಸೆ ಹುಯ್ಯುವವನಿಗೆ, ಹಿಂದೆ ಪಾತ್ರೆ ತಿಕ್ಕುವ ಹೆಂಗಸಿಗೆ, ಟೇಬಲ್ ಒರೆಸುವ ಕ್ಲೀನರ್‌ಗೆ ಏನೂ ಇಲ್ಲ. ಗಿರಾಕಿ ಮೆಚ್ಚಿದ್ದು ದೋಸೆಯನ್ನು, ಹಣ ಸಿಕ್ಕಿದ್ದು ತಂದಿಟ್ಟವನಿಗೆ.

ಟಿಪ್ಸನ್ನೇ ಸಂಬಳದ ಜಾಗಕ್ಕೆ ಕೂರಿಸಿದರೆ ಏನಾಗುತ್ತದೆ ಅನ್ನೋದಕ್ಕೆ ಅಮೆರಿಕ ನೋಡಬೇಕು. ಸಾಗರದ ಸುತ್ತಮುತ್ತಲಿನ ಎಷ್ಟೋ ಮನೆಗಳ ಮಕ್ಕಳು ಅಲ್ಲಿದ್ದಾರೆ. ಮಕ್ಕಳನ್ನು ನೋಡಲು ಹೋಗಿ ಬಂದ ತಂದೆ-ತಾಯಂದಿರು ಅಲ್ಲಿನ ಹೋಟೆಲ್ ಬಿಲ್ಲಿನಲ್ಲಿ ‘ಶೇ 18, 20 ಟಿಪ್ಸ್ ಕೊಡಲೇಬೇಕಂತೆ’ ಎಂದು ಬೆರಗಾಗಿ ಹೇಳುತ್ತಾರೆ. ಅಲ್ಲಿ ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕರು ಕೊಡಬೇಕಾದ ಫೆಡರಲ್ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್. 1991ರಿಂದ ಅದು ಒಂದು ಸೆಂಟೂ ಏರಿಲ್ಲ. ಉಳಿದದ್ದನ್ನು ಟಿಪ್ಸ್ ತುಂಬಬೇಕು. ತುಂಬಿ 7.25 ಡಾಲರ್ ಆಗದಿದ್ದರೆ ಮಾತ್ರ ಮಾಲೀಕರು ಸೇರಿಸಬೇಕು. ಕೆಲವು ರಾಜ್ಯಗಳು ಇದನ್ನು ಕೈಬಿಟ್ಟು ಪೂರ್ತಿ ಕನಿಷ್ಠ ಕೂಲಿ ಕೊಡಿಸುತ್ತವೆ, ಉಳಿದ ಕಡೆ ಜಗಳ ನಡೆದೇ ಇದೆ. ಟಿಪ್ಸನ್ನು ಒಮ್ಮೆ ಸಂಬಳದ ಒಳಗೆ ಬಿಟ್ಟುಕೊಂಡರೆ ಹೊರಗೆ ಹಾಕುವುದು ಎಷ್ಟು ಕಷ್ಟ ಅನ್ನೋದಕ್ಕೆ ಮೂವತ್ತು ವರ್ಷ ದಾಟಿದ ಈ 2.13 ಸಾಕು.

ಏರಿಸಿದರೆ ಎಷ್ಟು ಬೀಳುತ್ತದೆ?

ಮತ್ತೆ ಅದೇ 12 ಜನರ ಹೋಟೆಲ್‌ಗೆ ಬರೋಣ. ತಲಾ 13 ಸಾವಿರ ಸಂಬಳ ಎಂದು ಹಿಡಿದರೆ ತಿಂಗಳಿಗೆ 1.56 ಲಕ್ಷ. ಪ್ರತಿಯೊಬ್ಬರಿಗೂ ಮೂರು ಸಾವಿರ ಏರಿಸಿದರೆ ಹೆಚ್ಚುವರಿ 36 ಸಾವಿರ ರೂಪಾಯಿ. ಮಾಲೀಕರ ಕಿವಿಗೆ ಇದು ದೊಡ್ಡ ಸಂಖ್ಯೆ. ಆದರೆ ದಿನಕ್ಕೆ 400 ಗಿರಾಕಿ ಅಂದರೆ ತಿಂಗಳಿಗೆ 12 ಸಾವಿರ ಗಿರಾಕಿ. ಒಬ್ಬರಿಗೆ ಬೀಳುವುದು ಮೂರು ರೂಪಾಯಿ. ಕರಡಿನ ಕೆಳಗಿನ ಮಟ್ಟವಾದ 19 ಸಾವಿರಕ್ಕೇ ಹೋದರೂ ಒಬ್ಬ ಗಿರಾಕಿಗೆ ಆರು ರೂಪಾಯಿ. ಇದರ ಮೇಲೆ ಹತ್ತು ಜನಕ್ಕಿಂತ ಹೆಚ್ಚಿರುವುದರಿಂದ ಇಎಸ್‌ಐ ಬರುತ್ತದೆ: ಮಾಲೀಕರ ಪಾಲು ಶೇ 3.25, ಕೆಲಸಗಾರರ ಪಾಲು ಶೇ 0.75. ಅದನ್ನು ಸೇರಿಸಿದರೂ ಏಳು ರೂಪಾಯಿ ದಾಟುವುದಿಲ್ಲ.

ಹಾಗಾದರೆ ಏರಿಸೋಕೆ ಏನು ಅಡ್ಡಿ? ಇಲ್ಲಿ ಮಾಲೀಕರ ಮಾತನ್ನೂ ಸರಿಯಾಗಿ ಕೇಳಬೇಕು. 400 ಗಿರಾಕಿ ಅನ್ನೋದು ಸರಾಸರಿ. ಜುಲೈ, ಆಗಸ್ಟ್‌ನಲ್ಲಿ ಜೋಗಕ್ಕೆ ಜನ ನುಗ್ಗುವಾಗ ದಾರಿಯ ಹೋಟೆಲ್ ತುಂಬಿರುತ್ತದೆ, ಪೇಟೆಯೊಳಗಿನದು ಮಳೆಗೆ ಖಾಲಿ. ಮಂಗಳವಾರದ ಗಿರಾಕಿ ಭಾನುವಾರದ ಅರ್ಧವೂ ಇರುವುದಿಲ್ಲ. ಸಂಬಳ ಮಾತ್ರ ದಿನವೂ ಒಂದೇ. ವಾಣಿಜ್ಯ ಸಿಲಿಂಡರ್ ದರ ಪ್ರತಿ ತಿಂಗಳು ಒಂದನೇ ತಾರೀಕು ಏನಾಗುತ್ತದೋ ಗೊತ್ತಿಲ್ಲ. ಗಿರಾಕಿಯಿಂದ ಶೇ 5 ಜಿಎಸ್‌ಟಿ ವಸೂಲಿ ಮಾಡುವ ಹೋಟೆಲ್‌ಗೆ ತಾನು ಕೊಂಡ ಸಾಮಾನಿನ ಮೇಲೆ ಕಟ್ಟಿದ ತೆರಿಗೆ ವಾಪಸು ಸಿಗುವುದಿಲ್ಲ. ಬಾಡಿಗೆ ಬೇರೆ. ಎಲ್ಲಕ್ಕಿಂತ ದೊಡ್ಡ ಭಯ, ತಾನೊಬ್ಬ ದರ ಏರಿಸಿದರೆ ಗಿರಾಕಿ ಎದುರಿನ ಹೋಟೆಲ್‌ಗೆ ದಾಟಿಬಿಡುತ್ತಾನೆ ಅನ್ನೋದು. ಕಾಫಿಗೆ ಐದು ರೂಪಾಯಿ ಹೆಚ್ಚಾಯಿತು ಎಂದು ದಿನವೂ ಬರುವ ಗಿರಾಕಿ ಮುಖ ಸಿಂಡರಿಸಿದ್ದನ್ನು ನೋಡದ ಮಾಲೀಕರೇ ಇಲ್ಲ. ಎಲ್ಲರೂ ಸಂಘದಲ್ಲಿ ಕೂತು ಒಂದೇ ದರ ನಿಗದಿ ಮಾಡೋಣ ಅಂದರೆ ಅದೂ ಸಲೀಸಲ್ಲ, ವ್ಯಾಪಾರಿಗಳು ಸೇರಿ ಬೆಲೆ ಕಟ್ಟುವುದನ್ನು 2002ರ ಸ್ಪರ್ಧಾ ಕಾಯ್ದೆ ಒಪ್ಪುವುದಿಲ್ಲ.

ಇದನ್ನೆಲ್ಲ ಒಪ್ಪಿದರೂ ಒಂದು ಪ್ರಶ್ನೆ ಉಳಿಯುತ್ತದೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರ್‌ಗೆ ನಾಲ್ಕು ರೂಪಾಯಿ ಏರಿತು. ಒಂದು ಲೋಟ ಕಾಫಿಗೆ ಹೋಗುವ ಹಾಲು ನೂರು ಮಿಲಿ ಎಂದಿಟ್ಟುಕೊಂಡರೂ ಏರಿಕೆ ನಲವತ್ತು ಪೈಸೆ. ಕಾಫಿಪುಡಿಯೂ ದುಬಾರಿಯಾಗಿದೆ, ನಿಜ. ಆದರೂ ದರದ ಬೋರ್ಡು ನಲವತ್ತು ಪೈಸೆಯ ಲೆಕ್ಕದಲ್ಲಿ ಬದಲಾಗುವುದಿಲ್ಲ, ಎರಡೋ ಐದೋ ರೂಪಾಯಿಯ ಲೆಕ್ಕದಲ್ಲಿ ಬದಲಾಗುತ್ತದೆ. ಹಾಲಿಗೆ, ಗ್ಯಾಸಿಗೆ, ಎಣ್ಣೆಗೆ ದರ ಏರಿಸುವಾಗ ಇಲ್ಲದ ಭಯ ಸಂಬಳದ ಮಾತು ಬಂದಾಗ ಮಾತ್ರ ಯಾಕೆ ಬರುತ್ತದೆ? ಹಾಲಿನ ಏರಿಕೆ ಎಲ್ಲರಿಗೂ ಒಂದೇ ದಿನ ಬರುತ್ತದೆ, ಅದಕ್ಕೇ ಎಲ್ಲರೂ ಒಟ್ಟಿಗೆ ಬೋರ್ಡು ಬದಲಿಸುತ್ತಾರೆ. ಕನಿಷ್ಠ ವೇತನವೂ ಎಲ್ಲರಿಗೂ ಒಂದೇ ದಿನ, ತಪಾಸಣೆಯ ಸಮೇತ ಬಂದರೆ ಎದುರಿನ ಹೋಟೆಲ್‌ನ ಭಯ ಅರ್ಧಕ್ಕಿಳಿಯುತ್ತದೆ. ಕಾಗದದಲ್ಲಿ ಏರಿಸಿ, ಯಾರೂ ನೋಡದೆ ಬಿಟ್ಟರೆ ನಿಯತ್ತಾಗಿ ಕೊಡುವ ಮಾಲೀಕರೇ ಮೊದಲು ಪೆಟ್ಟು ತಿನ್ನುವುದು. ಈ ಮಾತನ್ನು ಮಾಲೀಕರ ಸಂಘಗಳು ಸರ್ಕಾರಕ್ಕೆ ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು.

ಯಾರೂ ಎತ್ತದ ಲೆಕ್ಕ: ಗಂಟೆಗಳು

ಸಂಬಳದ ಜಗಳದಲ್ಲಿ ಎರಡೂ ಕಡೆಯವರು ಮುಟ್ಟದ ಸಂಗತಿ ಒಂದಿದೆ, ಅದು ಕೆಲಸದ ಅವಧಿ. ಬೆಳಿಗ್ಗೆ ಆರರಿಂದ ಹನ್ನೊಂದು, ಹನ್ನೆರಡರಿಂದ ಮೂರು, ಸಂಜೆ ಐದರಿಂದ ಒಂಬತ್ತು. ಕೂಡಿಸಿದರೆ ಹನ್ನೆರಡು ಗಂಟೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ಹೋಟೆಲ್‌ಗಳಿಗೂ ಅನ್ವಯಿಸುತ್ತದೆ. ಅದರ ಪ್ರಕಾರ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ. ಮೀರಿದ ಗಂಟೆಗೆ ಎರಡು ಪಟ್ಟು ಕೂಲಿ. ಬಿಡುವು ಸೇರಿಸಿ ದಿನದ ಕೆಲಸ ಹನ್ನೆರಡು ಗಂಟೆಯೊಳಗೆ ಮುಗಿಯಬೇಕು. ಆರರಿಂದ ಒಂಬತ್ತರವರೆಗಿನ ಹದಿನೈದು ಗಂಟೆಗೆ ಇದರಲ್ಲಿ ಜಾಗವೇ ಇಲ್ಲ.

13 ಸಾವಿರವನ್ನು 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 500. ಒಂಬತ್ತು ಗಂಟೆಗೆ ಅದು, ಗಂಟೆಗೆ 55 ರೂಪಾಯಿ ಚಿಲ್ಲರೆ. ಎರಡು ಪಟ್ಟು ಅಂದರೆ 111. ಮೂರು ಗಂಟೆ ಹೆಚ್ಚುವರಿ ಕೆಲಸಕ್ಕೆ ದಿನಕ್ಕೆ 333, ತಿಂಗಳಿಗೆ 8,600 ರೂಪಾಯಿಗೂ ಮೇಲೆ. ಮೂರು ಸಾವಿರ ಏರಿಕೆಗೆ ನಡೆಯುವ ಜಗ್ಗಾಟಕ್ಕಿಂತ ಸುಮಾರು ಮೂರು ಪಟ್ಟು ದೊಡ್ಡ ಮೊತ್ತ ಲೆಕ್ಕಕ್ಕೇ ಬರದೆ ಹೋಗುತ್ತಿದೆ. ಹಾಗೆಯೇ ಹನ್ನೆರಡು ಗಂಟೆ ದುಡಿಯುವವನ ದಿನಕ್ಕೆ 500 ರೂಪಾಯಿಯನ್ನು 2025-26ರ ನರೇಗಾ ಕೂಲಿ 370ರ ಪಕ್ಕದಲ್ಲಿಟ್ಟರೆ, ಗಂಟೆಯ ಲೆಕ್ಕದಲ್ಲಿ ಹೋಟೆಲ್ ಮೇಲು ಅನ್ನೋಕೆ ಬರುವುದಿಲ್ಲ. ಹುಡುಗರು ನಿಲ್ಲುತ್ತಿಲ್ಲ ಅನ್ನೋ ದೂರಿನ ಉತ್ತರ ಬಹುಶಃ ಇಲ್ಲೇ ಇದೆ. ಸಂಬಳ ಕಡಿಮೆ ಎಂದು ಬಿಡುವವರಷ್ಟೇ, ರಜೆ ಇಲ್ಲ ಎಂದು ಬಿಡುವವರೂ ಇದ್ದಾರೆ. ಬೆಳಿಗ್ಗೆ-ಸಂಜೆಗೆ ಎರಡು ಪಾಳಿ ಮಾಡಿದರೆ ಎರಡು ಮೂರು ಜನ ಹೆಚ್ಚು ಬೇಕು, ಅದು ಖರ್ಚೇ. ಆದರೆ ಮಧ್ಯಾಹ್ನ ಮೂರರ ನಂತರ ಊರಿನ ಹೆಂಗಸರು, ಕಾಲೇಜು ಮುಗಿಸಿ ಬರುವ ಹುಡುಗರು ನಾಲ್ಕು ಗಂಟೆ ಕೆಲಸಕ್ಕೆ ಸಿಗುತ್ತಾರೆ. ಹದಿನೈದು ಗಂಟೆಗೆ ಸಿಗುವುದಿಲ್ಲ.

ಇನ್ನು ಮುಂಗಡದ ವಿಷಯ. ಮೂರು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆ, ಅಡಿಕೆ ಸೀಸನ್ನಿಗೆ ಕೈ ತಪ್ಪಿಹೋಗದಂತೆ ಹತ್ತು ಹದಿನೈದು ಸಾವಿರ ಅಡ್ವಾನ್ಸ್ ಕೊಟ್ಟು ಹಿಡಿದಿಡುವುದು ಹೋಟೆಲ್‌ಗಳ ಹಳೆಯ ಉಪಾಯ. ತಗೊಂಡು ಓಡಿಹೋದವರ ಕತೆ ಮಾಲೀಕರ ಹತ್ತಿರ ಇದೆ, ತೀರಿದ ಮೇಲೂ ‘ಇನ್ನೂ ಬಾಕಿ’ ಎಂದು ಹಿಡಿದಿಟ್ಟ ಕತೆ ಕೆಲಸಗಾರರ ಹತ್ತಿರ ಇದೆ. ಹೊಸ ಸಂಹಿತೆ ಮುಂಗಡ ಮುರಿದುಕೊಳ್ಳಲು ಬಿಡುತ್ತದೆ, ಆದರೆ ಎಲ್ಲ ಕಡಿತ ಸೇರಿ ತಿಂಗಳ ವೇತನದ ಅರ್ಧ ಮೀರುವಂತಿಲ್ಲ. ತಿಂಗಳ ಸಂಬಳ ಮುಂದಿನ ತಿಂಗಳು 7ನೇ ತಾರೀಕಿನೊಳಗೆ ಕೈಸೇರಬೇಕು, ಜೊತೆಗೆ ವೇತನ ಚೀಟಿ ಕೊಡಬೇಕು. ಮುಂಗಡ ಎಷ್ಟು, ಮುರಿದದ್ದೆಷ್ಟು, ಎಷ್ಟು ಗಂಟೆ ಕೆಲಸ, ಟಿಪ್ಸ್ ಬೇರೆ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಎರಡೂ ಕಡೆಯ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ. ಗಲ್ಲಾದ ಕ್ಯೂಆರ್ ಪಕ್ಕದಲ್ಲಿ ಟಿಪ್ಸಿಗೇ ಬೇರೆ ಕ್ಯೂಆರ್ ಅಂಟಿಸಿ, ಬಂದದ್ದನ್ನು ಅಡುಗೆಮನೆಯವರಿಗೂ ಸೇರಿಸಿ ಹಂಚುವುದಕ್ಕೂ ದೊಡ್ಡ ಖರ್ಚೇನಿಲ್ಲ.

ಸಂಬಳ ಕಡಿಮೆ ಕೊಟ್ಟರೆ, ಕೊಡದಿದ್ದರೆ ಕೆಲಸಗಾರರು ಮೂರು ವರ್ಷದೊಳಗೆ ಕ್ಲೇಮು ಹಾಕಬಹುದು, ಕೆಲಸ ಬಿಟ್ಟ ಮೇಲೂ. ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ವಿಚಾರಿಸಿದರೆ ದಾರಿ ಹೇಳುತ್ತಾರೆ. ಆದರೆ ಅರ್ಜಿಗೆ ಏನಾದರೂ ದಾಖಲೆ ಬೇಕು. ನಗದು ಸಂಬಳ, ಬಾಯಿಮಾತಿನ ಒಪ್ಪಂದ, ಕನ್ನಡ ಓದಲು ಬಾರದ ಒಡಿಶಾದ ಹುಡುಗ: ಈ ಮೂರೂ ಸೇರಿದ ಕಡೆ ಆ ಮೂರು ವರ್ಷ ಸುಮ್ಮನೆ ಕಳೆದುಹೋಗುತ್ತದೆ. ಸಂಬಳ ಕೈಗೆ ಕೊಡುವ ಬದಲು ಅವನ ಖಾತೆಗೆ ಹಾಕಿದರೆ ಆ ದಾಖಲೆ ತಾನಾಗಿಯೇ ಹುಟ್ಟುತ್ತದೆ. ಗಿರಾಕಿಯಿಂದ ಫೋನಿನಲ್ಲೇ ಹಣ ಇಸ್ಕೊಳ್ಳುವ ಹೋಟೆಲ್‌ಗೆ ಅದೇನೂ ಹೊಸ ವಿದ್ಯೆಯಲ್ಲ.